ಚೀಟಿಯಿಲ್ಲದ ಚಿಟ್ಟೆ

ಬೆಳಕಿಗೆ ಸಾವು ತಿಳಿಯದು! ಅಂತ್ಯಕ್ರಿಯೆಗೆ ಬಂದ ಬಂಧುಗಳೆಲ್ಲ ಹಿಂದಿರುಗಿದ ಮರುದಿನ, ಆ ಮೊದಲ ಸಾಮಾನ್ಯ ಮುಂಜಾವಿನಲ್ಲಿ, ಎಳೆಬಿಸಿಲು ಎಂದಿನಂತೆ ಎದುರುಮನೆಯ ನೀರಿನ ತೊಟ್ಟಿಯನ್ನು ದಾಟಿ, ಕಿಟಕಿಯ ಸರಳುಗಳ ನಡುವೆ ನುಸುಳಿ, ಗೋಡೆಯುದ್ದಕ್ಕೂ ಜೋಡಿಸಿದ್ದ ಗಾಜಿನ ಪೆಟ್ಟಿಗೆಗಳ ಮೇಲೆ ಹರಡಿತು. ನೂರಾರು ನಿಶ್ಚಲ ರೆಕ್ಕೆಗಳು ಮಳೆ ನಿಂತ ಮೇಲಿನ ಎಲೆಗಳಂತೆ ಒಮ್ಮೆಲೇ ಹೊಳೆದವು... ಬೀದಿಯಲ್ಲಿ ಹಾಲಿನವನ ಸೈಕಲ್ ಗಂಟೆ. ಮಹಡಿಯ ಮೇಲೆ ಯಾರದೋ ಕೆಮ್ಮು. ಲೋಕ ಎದ್ದಿತ್ತು. ಅವಳೂ ಎದ್ದಿದ್ದಳು, ಅಷ್ಟೆ.

ಸಹೃದಯರೇ, ಆ ರೆಕ್ಕೆಗಳೆಲ್ಲ ಅವಳ ಗಂಡ ಹಿಡಿದು ತಂದವು. ಅವುಗಳ ಕೆಳಗಿನ ಅಕ್ಷರಗಳೆಲ್ಲ ಅವಳವು. ಜಾತಿ, ಸ್ಥಳ, ದಿನಾಂಕ, ಹಿಡಿದವರ ಹೆಸರು... ಅವನು ಹೇಳುತ್ತಿದ್ದ, ಅವಳು ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಚೀಟಿ ಬರೆಯುತ್ತಿದ್ದಳು. ಆರು ವರ್ಷಗಳ ದಾಂಪತ್ಯದ ಸಂಜೆಗಳು ಹಾಗೆಯೇ ಕಳೆದಿದ್ದವು. ಒಂದಕ್ಕೆ ಮಾತ್ರ ಚೀಟಿಯಿರಲಿಲ್ಲ. ಅದು ಹಾಸಿಗೆಯ ಪಕ್ಕದ ಪುಟ್ಟ ಪೆಟ್ಟಿಗೆಯಲ್ಲಿದ್ದ, ಕಪ್ಪು ರೆಕ್ಕೆಯ, ಕವಲುಬಾಲದ ಚಿಟ್ಟೆ.

ನಾಲ್ಕು ವರ್ಷಗಳ ಹಿಂದೆ, ಐದು ತಿಂಗಳ ಗರ್ಭ ಕಳೆದು, ಜ್ವರದಲ್ಲಿ ಅವಳು ಆಸ್ಪತ್ರೆಯಲ್ಲಿದ್ದಳು. ಮೂರು ದಿನ ಒಳಗೆ ಯಾರನ್ನೂ ಬಿಡಲಿಲ್ಲ. ನಾಲ್ಕನೆಯ ದಿನ ಅವನು ಆ ಚಿಟ್ಟೆಯಿದ್ದ ಕಾಗದದ ಪೊಟ್ಟಣವೊಂದನ್ನು ಅವಳ ಅಂಗೈಯಲ್ಲಿಟ್ಟಿದ್ದ.

"ಮೂರು ದಿನಾನೂ ಹೊರಗೆ ಬೆಂಚಿನ ಮೇಲೇ ಕೂತಿದ್ದೆ ಕಣೇ. ಅಂಗಳದ ನಿಂಬೆಗಿಡದಲ್ಲಿ ಸಿಕ್ಕಿತು. ಇದು ನಿನಗೆ, ಚೀಟಿ ಬೇಡ."

ಆ ಬೆಂಚನ್ನು ಅವಳು ಕಂಡಿರಲಿಲ್ಲ. ಆದರೂ ಆಮೇಲಿನ ಕಹಿದಿನಗಳಲ್ಲೆಲ್ಲ ಅವಳ ಮನಸ್ಸು ಅದಕ್ಕೇ ಒರಗಿತ್ತು. ಈಗ ಅವನಿಲ್ಲ. ಆ ಒಂದು ಚೀಟಿಯನ್ನೂ ಬರೆದುಬಿಡಬೇಕು ಎನ್ನಿಸಿತು. ಸ್ಥಳ ಗೊತ್ತು, ದಿನ ಗೊತ್ತು. ಜಾತಿಯ ಹೆಸರೊಂದು ಬೇಕಿತ್ತು.

"ಇವತ್ತೇ ಹೋಗಬೇಕಾ? ತಿಂಡಿ ತಿಂದಾದರೂ ಹೋಗೇ. ಚಿಟ್ಟೆ ಏನು ಹಾರಿಹೋಗುತ್ತಾ?" ಎಂದಳು ಜೊತೆಗಿರಲು ಉಳಿದಿದ್ದ ಅಕ್ಕ.

ಗಂಡ ಕೆಲಸಕ್ಕಿದ್ದ ವಸ್ತುಸಂಗ್ರಹಾಲಯದ ಹಿಂದಿನ ಕೋಣೆಯಲ್ಲಿ ನುಸಿಗುಳಿಗೆಯ ವಾಸನೆ. ಅವನಿಗೆ ಕೆಲಸ ಕಲಿಸಿದ ವೃದ್ಧ ಸಂಗ್ರಹಪಾಲಕರು ಪೆಟ್ಟಿಗೆಯನ್ನು ಕಿಟಕಿಗೆ ಹಿಡಿದು, ಭೂತಗನ್ನಡಿಯಲ್ಲಿ ರೆಕ್ಕೆಯ ಅಡಿಭಾಗವನ್ನು ಬಹಳ ಹೊತ್ತು ನೋಡಿದರು.

"ಎಲ್ಲಿ ಸಿಕ್ಕಿದ್ದು ಅಂದೆ ತಾಯಿ?"

"ಆಸ್ಪತ್ರೆ ಅಂಗಳದಲ್ಲಿ, ನಿಂಬೆಗಿಡದ ಮೇಲೆ."

"ಸಾಧ್ಯಾನೇ ಇಲ್ಲ! ಬುಡದ ಕೆಂಪು ಚುಕ್ಕೆ ನೋಡು, ಚಮಚದ ಹಾಗೆ ಅಗಲವಾದ ಬಾಲ ನೋಡು. ಇದು ಬೆಟ್ಟದ ನೆತ್ತಿ ಬಿಟ್ಟು ಇಳಿಯೋ ಜಾತಿಯಲ್ಲ. ನಮ್ಮಲ್ಲಿ ಇರೋದೇ ಆರು. ಏಳು ಸಿಕ್ಕಿತ್ತು, ಒಂದನ್ನ ಎರವಲು..."

ವಿದ್ಯೆಯ ಉತ್ಸಾಹದಲ್ಲಿ ಮುಂದೋಡಿದ ನಾಲಿಗೆ ಅಲ್ಲಿಗೆ ತಡವರಿಸಿತು.

"ರಿಜಿಸ್ಟರ್ ತೆಗೀರಿ ಮೇಷ್ಟ್ರೇ."

ಅವರು ತೆಗೆದರು. ಆದರೆ ಹೆಬ್ಬೆರಳು ಒಂದು ಸಾಲಿನ ಮೇಲೆ ಕಲ್ಲಿನಂತೆ ಕೂತಿತ್ತು.

"ಬೆರಳು ತೆಗೀರಿ."

ದೂರದ ಬೆಟ್ಟವೊಂದರ ಹೆಸರು. ದಿನಾಂಕ, ಅವಳು ಜ್ವರದಲ್ಲಿ ಆಸ್ಪತ್ರೆಯಲ್ಲಿದ್ದ ಎರಡನೆಯ ದಿನ. ಹಿಡಿದವರು ಇಬ್ಬರು: ಅವನು, ಮತ್ತು ಸಂಗ್ರಹಾಲಯದ ಚಿತ್ರಗಾರ್ತಿ. ಮೊನ್ನೆ ಶವದ ಮುಂದೆ ಇವಳ ಕೈ ಹಿಡಿದು ಎಲ್ಲರಿಗಿಂತ ಹೆಚ್ಚು ಅತ್ತಿದ್ದವಳು! ಅಂಚಿನಲ್ಲಿ, 'ಅಧ್ಯಯನಕ್ಕಾಗಿ ಒಂದು ಎರವಲು' ಎಂದು ಅವನ ಸಹಿ.

"ನೀನು ತವರಲ್ಲಿದ್ದೀಯ ಅಂದಿದ್ದ ತಾಯಿ. ನಾನೂ ನಂಬಿದೆ," ಎಂದರು ವೃದ್ಧರು. "ಇದನ್ನ ನೀನೇ ಇಟ್ಕೋ. ಕಳೆದುಹೋಗಿದೆ ಅಂತ ಬರೀತೀನಿ."

ಅವಳು ಆ ಬೆಂಚನ್ನು ನೆನೆದಳು. ಅದು ಖಾಲಿಯಿತ್ತು. ನಾಲ್ಕು ವರ್ಷ ಖಾಲಿಯೇ ಇತ್ತು... ಚೀಟಿ ಬೇಡವೆಂದದ್ದು ಏಕೆಂದು ಈಗ ತಿಳಿಯಿತು. ಮಡದಿಯ ಕಿವಿಗೆ ಸುಳ್ಳು ಹೇಳಿದವನಿಗೆ, ಅವಳ ಕೈಯಿಂದಲೇ ಅದನ್ನು ಬರೆಸುವ ಧೈರ್ಯ ಬಂದಿರಲಿಲ್ಲ! ಅದು ಅವಳೆದುರಿನ ಅಳುಕೋ, ಚಿಟ್ಟೆಯ ದಾಖಲೆಯ ಮೇಲಿನ ನಿಷ್ಠೆಯೋ? ಹೇಳಬೇಕಾದವನು ಇಲ್ಲ.

"ಸುಳ್ಳು ಬರೀಬೇಡಿ ಮೇಷ್ಟ್ರೇ. ಒಂದು ಚೀಟಿ ಕೊಡಿ."

ಜಾತಿ, ಬೆಟ್ಟ, ದಿನಾಂಕ. ಆಮೇಲೆ ಎರಡು ಹೆಸರು. ಎರಡನೆಯದನ್ನು ಮೊದಲನೆಯದಕ್ಕಿಂತ ಒಂದು ಕೂದಲೆಳೆಯಷ್ಟೂ ಚಿಕ್ಕದಾಗಿ ಬರೆಯಲಿಲ್ಲ. ಮಸಿ ಆರಿದ ಮೇಲೆ ಚೀಟಿಯನ್ನು ಚಿಟ್ಟೆಯ ಸೂಜಿಗೆ ಪೋಣಿಸಿ, ಪೆಟ್ಟಿಗೆಯನ್ನು ಅವರ ಕಡೆಗೆ ಸರಿಸಿ, ರಿಜಿಸ್ಟರಿನಲ್ಲಿ 'ಎರವಲು ಹಿಂದಿರುಗಿದೆ' ಎಂಬಲ್ಲಿ ಸಹಿ ಹಾಕಿದಳು.

ಸತ್ತವರಿಗಾಗಿ ಅಳಲು ಲೋಕ ನಮ್ಮನ್ನು ಬಿಡುತ್ತದೆ, ಅವರ ಮೇಲೆ ಸಿಟ್ಟಾಗಲು ಬಿಡುವುದಿಲ್ಲ. ಆದರೆ ಒಲಿದ ಎದೆಯಲ್ಲಿ ಅಳುವೂ ಸಿಟ್ಟೂ ಒಂದೇ ಮೋಡದ ಮಳೆ ಸಿಡಿಲುಗಳಂತೆ ಕೂಡಿಯೇ ಬರುತ್ತವೆ. ಒಂದನ್ನು ತಡೆದವರಿಗೆ ಇನ್ನೊಂದೂ ಒಲಿಯದು... ಮಾನವಹೃದಯದ ಈ ಋತುವಿಗೆ, ಪಾಪ, ಯಾರೂ ಹೆಸರಿಟ್ಟಿಲ್ಲ!