ಮಾತ್ರೆ ಪುಸ್ತಕದ ಕೊನೆಯ ಪುಟಗಳು

ಆ ಪುಟಗಳನ್ನು ಹರಿಯದೆ ಕೊಟ್ಟುಬಿಟ್ಟೆನಲ್ಲ ಎಂದು ಅವಳಿಗೆ ಹೊಳೆದದ್ದು ಅಕ್ಕ ಅವಳ ಬೆನ್ನ ಮೇಲಿನ ಬಟ್ಟೆಗೆ ಪಿನ್ನು ಹಾಕುತ್ತಿದ್ದಾಗ.

"ಅಲ್ಲಾಡ್ಬೇಡ್ವೇ. ಚುಚ್ಚಿದ್ರೆ ಆಮೇಲೆ ನನ್ನನ್ನ ಅನ್ಬೇಡ."

ಅವಳು ಅಲ್ಲಾಡಲಿಲ್ಲ. ಅಕ್ಕನ ಕಾಯಿಲೆಯ ಎಂಟು ತಿಂಗಳೂ ಯಾವ ಮಾತ್ರೆ ಎಷ್ಟು ಹೊತ್ತಿಗೆ ಎಂದು ಅವಳು ಬರೆದಿಡುತ್ತಿದ್ದ ನೀಲಿ ರಟ್ಟಿನ ಪುಸ್ತಕ ಅದು. ಮೊನ್ನೆ ಡಾಕ್ಟರು, ಎಲ್ಲ ವಾಸಿಯಾಗಿದೆ, ಇನ್ನು ಆರು ತಿಂಗಳಿಗೊಮ್ಮೆ ಬಂದು ತೋರಿಸಿದರೆ ಸಾಕು ಎಂದ ಮೇಲೆ ಫೈಲುಗಳ ಜೊತೆ ಅದನ್ನೂ ಅಕ್ಕನ ಕೈಗಿಟ್ಟಿದ್ದಳು. ಅದರ ಕೊನೆಯಲ್ಲಿ, ಆಪರೇಷನ್ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತು, ಅಕ್ಕ ಸತ್ತರೆ ಶ್ರದ್ಧಾಂಜಲಿ ಸಭೆಯಲ್ಲಿ ಆಡಬೇಕಾದ ಮಾತುಗಳನ್ನು ಬರೆದಿದ್ದಳು. ಮೂರು ಪುಟ. ಎರಡು ಸಲ ತಿದ್ದಿದ್ದಳು. ಚೆನ್ನಾಗಿ ಬಂದಿದೆ ಅಂದುಕೊಂಡಿದ್ದಳು ಕೂಡ.

"ಆಯ್ತು ನೋಡು. ಇನ್ನು ಬಿರುಗಾಳಿ ಬಂದ್ರೂ ಬೀಳಲ್ಲ," ಎಂದಳು ಅಕ್ಕ.

ಬೆನ್ನ ಮೇಲಿನ ಹಸಿರು ಬಟ್ಟೆಯಲ್ಲಿ ದೊಡ್ಡದಾಗಿ 'ಕೊನೆಯವರು' ಎಂದಿತ್ತು. ಬಡ ಕ್ಯಾನ್ಸರ್ ರೋಗಿಗಳಿಗಾಗಿ ಹಣ ಕೂಡಿಸುವ ಈ ಓಟದಲ್ಲಿ ಅದೊಂದು ನಿಯಮ. ಕಾಯಿಲೆಯಿಂದ ಎದ್ದು ಬಂದವರೂ ಓಡುತ್ತಾರೆ. ಅವರಲ್ಲಿ ಯಾರಿಗೂ ತಾನೇ ಎಲ್ಲರಿಗಿಂತ ಹಿಂದೆ ಅನ್ನಿಸಬಾರದು. ಅದಕ್ಕೆ ಗಟ್ಟಿಮುಟ್ಟಾದ ಒಬ್ಬರು ಬೇಕೆಂದೇ ಎಲ್ಲರ ಹಿಂದೆ ಬರುತ್ತಾರೆ. ಹಿಂದೆ ಬೀಳುವವಳು ಅಕ್ಕನೇ ಎಂದು ಗೊತ್ತಿದ್ದ ತಂಗಿ ತಾನಾಗಿ ಹೆಸರು ಕೊಟ್ಟಿದ್ದಳು. ಅವಳು ಪಾಠ ಹೇಳುವ ಕಾಲೇಜಿನಲ್ಲಿ ಎಲ್ಲರೂ ಎಂಥ ತ್ಯಾಗ ಎಂದಿದ್ದರು.

ನೂರು ಹೆಜ್ಜೆಗೇ ಅಕ್ಕನ ಓಟ ನಡಿಗೆಯಾಯಿತು. ಉಳಿದವರು ತಿರುವಿನಲ್ಲಿ ಮಾಯವಾದರು. ಹಿಂದೆ ಒಂದು ವ್ಯಾನು ತೆವಳುತ್ತ, ರಸ್ತೆಗೆ ಅಡ್ಡ ಇಟ್ಟಿದ್ದ ಪ್ಲಾಸ್ಟಿಕ್ ಕಂಬಗಳನ್ನು ಎತ್ತಿಕೊಳ್ಳುತ್ತಿತ್ತು. ಅಕ್ಕತಂಗಿಯರು ದಾಟಿದ ಜಾಗದಲ್ಲಿ ಕೂಡಲೇ ಬಸ್ಸುಗಳು ಓಡಾಡುತ್ತಿದ್ದವು, ಅಲ್ಲಿ ಯಾರೂ ಓಡಿಯೇ ಇರಲಿಲ್ಲವೆಂಬಂತೆ.

"ಸುಸ್ತಾದ್ರೆ ವ್ಯಾನ್ ಹತ್ಬಹುದು ಅಕ್ಕ."

"ಹತ್ತಿದ್ರೆ ಗಿರಾಕಿಗಳು ಬಿಡ್ತಾರಾ? ನಾನು ಮುಗಿಸಿದ ಒಂದೊಂದು ಕಿಲೋಮೀಟರಿಗೂ ಇಷ್ಟಿಷ್ಟು ದುಡ್ಡು ಅಂತ ಒಪ್ಕೊಂಡಿದಾರೆ. ಅರ್ಧಕ್ಕೆ ನಿಂತ್ರೆ ಒಂದೇ ತೋಳು ಹೊಲ್ದು ಅಂಗಿ ಕೊಟ್ಟ ಹಾಗೆ."

ಅಕ್ಕ ಬಟ್ಟೆ ಹೊಲಿಯುವವಳು. ಅಮ್ಮ ಹೋದ ಮೇಲೆ ಮಷೀನು ತುಳಿದು ತಂಗಿಯನ್ನು ಓದಿಸಿದವಳು. ಅದೂ ಆ ಮೂರು ಪುಟಗಳಲ್ಲಿತ್ತು.

ಓದಿದಳೋ, ಇಲ್ಲವೋ?

ಅಕ್ಕನ ಕತ್ತಿನ ಹಿಂದೆ ಹೊಸ ಕೂದಲು ಮರಿಹಕ್ಕಿಯ ಪುಕ್ಕದಂತೆ ಎದ್ದಿತ್ತು. ಅದನ್ನು ನೋಡಿದರೆ ತನ್ನೊಳಗೆ ಪ್ರೀತಿ ಉಕ್ಕಬೇಕು ಎಂದುಕೊಂಡಳು. ಬಂದದ್ದು ಪುಸ್ತಕ ಎಲ್ಲಿರಬಹುದು ಎಂಬ ಯೋಚನೆ.

"ಆ ಫೈಲು, ಪುಸ್ತಕ ಎಲ್ಲ ಎಲ್ಲಿಟ್ಟೆ?"

"ಯಾಕೆ?"

"ಸುಮ್ನೆ. ಇನ್ನೇನು ಬೇಕಾಗಲ್ವಲ್ಲ. ಎಸೆದುಬಿಡೋಣ ಅಂತ."

"ಅಷ್ಟು ಅವಸರ ಏನಿದೆ?"

ನೀರು ಕೊಡುವ ಮೇಜು ಬಂತು. ಅಲ್ಲಿ ಅಕ್ಕ ಎರಡು ಲೋಟ ಕುಡಿದು ರಸ್ತೆಯಂಚಿನ ಕಲ್ಲಿನ ಮೇಲೆ ಕೂತಳು.

"ನೀನೂ ಕೂತ್ಕೋ ಬಾ."

"ನಾನು ನಿನ್ನ ಹಿಂದೇನೇ ಇರ್ಬೇಕು."

"ಸರಿ ತಾಯಿ, ಹಿಂದೇನೇ ಕೂತ್ಕೋ."

ಕೂತಳು. ಅಕ್ಕ ತಿರುಗಲಿಲ್ಲ. ರಸ್ತೆಯನ್ನು ನೋಡುತ್ತಲೇ ಹೇಳಿದಳು:

"ಓದ್ದೆ ಕಣೇ."

"ಏನನ್ನ?"

"ಏನನ್ನ ಅಂತ ನಿಂಗೊತ್ತು."

ಅವಳು ಬಗ್ಗಿ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟತೊಡಗಿದಳು.

"ಚೆನ್ನಾಗಿ ಬರ್ದಿದೀಯ," ಎಂದಳು ಅಕ್ಕ. "ನಂಗೆ ಅಳುನೇ ಬಂತು. ಅಯ್ಯೋ ಪಾಪ, ಯಾರೋ ಎಷ್ಟು ಒಳ್ಳೆ ಹೆಂಗಸು ಹೋಗ್ಬಿಟ್ಳಲ್ಲ ಅಂತ."

"ಅಕ್ಕ, ನಾನು ಅವತ್ತು..."

"ಹೂವಿನಂಥ ಕೈ ಅಂತೆ! ನೋಡಿಲ್ಲಿ." ಅಕ್ಕ ಕೈಯನ್ನು ಹಿಂದಕ್ಕೆ ಚಾಚಿದಳು. ಹೆಬ್ಬೆರಳಿನ ಬುಡದಲ್ಲಿ, ಕತ್ತರಿ ಉಜ್ಜಿ ಉಜ್ಜಿ, ಅಂಗಿಯ ಗುಂಡಿಯಷ್ಟು ದೊಡ್ಡ ಗಂಟು. "ಯಾರಿಗೂ ಒಂದು ಗಟ್ಟಿ ಮಾತಾಡಿದವಳಲ್ಲವಂತೆ. ಪಕ್ಕದ ಮನೆಯವಳು ಸಭೇಲಿದ್ದಿದ್ರೆ ಎದ್ದು ಹೊರಗೆ ಹೋಗಿ ನಕ್ಕು ಬರ್ತಿದ್ಲು."

"ಬೈಯೋದಾದ್ರೆ ಬೈದುಬಿಡು."

"ಬೈಯೋದೇನು ಬಂತು? ಯಾರಿಗೆ ಹೊಲಿಯೋದಾದ್ರೂ ನಾನು ಮೊದಲು ಅಳತೆ ತಗೋತೀನಿ. ನೀನು ಅಳತೆನೇ ತಗೊಂಡಿಲ್ಲ. ಅಷ್ಟೇ."

ಹೇಳಿ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ತಂಗಿಯೂ ನಕ್ಕಳು. ಎದೆಯ ಮೇಲಿನ ಚಪ್ಪಡಿ ಸರಿದಂತಾಯಿತು. ಸದ್ಯ, ಬೈಯಲಿಲ್ಲ, ಅಳಲಿಲ್ಲ, ಮುಗಿಯಿತು. ಮೊನ್ನೆ ಡಾಕ್ಟರ ಮಾತು ಕೇಳಿದಾಗಲೂ ಮನಸ್ಸು ಇಷ್ಟು ಹಗುರಾಗಿರಲಿಲ್ಲ.

ಅದು ತಟ್ಟನೆ ಅವಳ ಅರಿವಿಗೆ ಬಂತು. ನಗು ಮುಖದ ಮೇಲೆ ಹಾಗೇ ಉಳಿಯಿತು, ಇಳಿಸಲು ಮರೆತ ಪರದೆಯಂತೆ.

"ಏಳು ಏಳು," ಎಂದು ಅಕ್ಕ ಹೊರಟಳು.

ಅಕ್ಕನಿಗೆ ಯಾವ ಬಣ್ಣ ಇಷ್ಟ? ಯೋಚಿಸುತ್ತ ಹಿಂದೆ ನಡೆದಳು. ರಾತ್ರಿ ನಿದ್ದೆ ಬರದಿದ್ದರೆ ಏನು ಮಾಡುತ್ತಾಳೆ? ಯಾರ ಮೇಲಾದರೂ ಮನಸ್ಸಿಟ್ಟಿದ್ದಳೆ? ಒಂದೂ ಗೊತ್ತಿರಲಿಲ್ಲ. ಹನ್ನೊಂದು ಮಾತ್ರೆಗಳ ಹೆಸರು ಮಾತ್ರ ಬಾಯಿಪಾಠವಾಗಿತ್ತು.

ಓಟ ಮುಗಿಯುವಲ್ಲಿ ಗಾಳಿ ತುಂಬಿದ ದೊಡ್ಡ ಬಟ್ಟೆಯ ಕಮಾನು ನಿಂತಿತ್ತು. ಪಕ್ಕದಲ್ಲಿ ಗಾಳಿಯ ಮಷೀನಿನವನು ಗಡಿಯಾರ ನೋಡಿಕೊಳ್ಳುತ್ತಿದ್ದ. ಹನ್ನೊಂದಕ್ಕೆ ರಸ್ತೆ ತೆರವಾಗಬೇಕಿತ್ತು. ಅಕ್ಕ ಕೊನೆಯ ಇಪ್ಪತ್ತು ಹೆಜ್ಜೆ ನಿಜಕ್ಕೂ ಓಡಿದಳು. ಎರಡೂ ಕೈ ಮೇಲೆತ್ತಿ ಕಮಾನು ದಾಟಿದಳು. ಮಷೀನಿನವನು ಚಪ್ಪಾಳೆ ತಟ್ಟಿದ. ಅವನ ಪಾಲಿಗೆ ಓಡುವವರೆಲ್ಲ ಬಂದಾಗಿತ್ತು. ಮಷೀನು ಆರಿಸಿದ.

ಕಮಾನು ನಿಟ್ಟುಸಿರುಬಿಟ್ಟಿತು. ಸೊಂಟ ಮುರಿದಂತೆ ಬಾಗಿ, ನಿಧಾನವಾಗಿ, ಇನ್ನೂ ದಾಟದ ತಂಗಿಯ ಮುಂದೆ ಇಳಿಯತೊಡಗಿತು. ಅಕ್ಕನ ಮುಖ ಕಾಣದಾಯಿತು.

"ಬಾರೇ! ಅಲ್ಲೇ ಯಾಕೆ ನಿಂತ್ಬಿಟ್ಟೆ?" ಬಟ್ಟೆಯ ಆಚೆಯಿಂದ ಅಕ್ಕನ ದನಿ. ಇನ್ನೂ ನಗುತ್ತಿದ್ದಳು.

ಮೊದಲು ಈ ಹಸಿರು ಬಟ್ಟೆ ತೆಗೆದುಬಿಡೋಣ ಎಂದುಕೊಂಡಳು ತಂಗಿ. ಒಂದು ಕೈ ಹೆಗಲ ಮೇಲಿಂದ, ಇನ್ನೊಂದು ಸೊಂಟದಿಂದ ಹಿಂದಕ್ಕೆ ಹಾಕಿ ತಡಕಾಡಿದಳು. ಅಕ್ಕ ಪಿನ್ನು ಹಾಕಿದ್ದು ಬೆನ್ನಿನ ನಟ್ಟನಡುವೆ. ಯಾವ ಕೈಗೂ ಎಟುಕಲಿಲ್ಲ.

ವ್ಯಾನು ಅವಳ ಹಿಂದೆ ಬಂದು ನಿಂತಿತು. ರಸ್ತೆಯಲ್ಲಿ ಎತ್ತಿಕೊಳ್ಳಲು ಅವಳೊಬ್ಬಳೇ ಉಳಿದಿದ್ದಳು.