ತುಕ್ಕಿನ ಕಲೆಗೆ ಬಿದ್ದ ಹಸಿರು ಗಂಟು

ಬಹಳ ಕಾಲದ ಹಿಂದೆ, ಅಂದರೆ ಹೋದ ತಿಂಗಳ ಮೊದಲ ವಾರ, ಒಂದು ಬೀದಿಯ ತಿರುವಿನಲ್ಲಿ ಒಂದು ಲಾಂಡ್ರಿ, ಆ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಒಂದು ಮೇಜು, ಆ ಮೇಜಿನ ಮುಂದೆ ಒಬ್ಬ ಹುಡುಗಿ ಇದ್ದಳು. ರಾಜಕುಮಾರಿಯಲ್ಲ, ಬಟ್ಟೆಯ ಕಲೆ ಬಿಡಿಸುವವಳು. ಒದ್ದೆ ಬಟ್ಟೆ ಕೈಯಲ್ಲಿರುವಾಗಲೇ ಅವಳ ಮನಸ್ಸು ಎಲ್ಲೋ ಹೊರಟುಹೋಗುತ್ತಿದ್ದುದರಿಂದ ಅಂಗಡಿಯವರೆಲ್ಲ ಅವಳನ್ನು ಮೋಡ ಎಂದು ಕರೆಯುತ್ತಿದ್ದರು. ಅಜ್ಜಿಯ ಕಥೆ ಕೇಳಿಯೇ ಬೆಳೆದ ಜೀವ. ಆ ಕಥೆಗಳಲ್ಲಿ ದಾರಿ ತೋರಿಸಿದ ಮುದುಕಿಗೆ ಒಂದು ಒಳ್ಳೆಯ ಮಾತು ಆಡದೆ ಹೋದ ರಾಜಕುಮಾರರು ಮುಂದಿನ ತಿರುವಿನಲ್ಲೇ ಕಲ್ಲಾಗಿಬಿಡುತ್ತಿದ್ದರು. ಹೀಗಾಗಿ ಇವಳು ಬಸ್ಸಿನಲ್ಲಿ ನಾಲ್ಕು ಬೆರಳು ಸರಿದು ಕೂತವರಿಗೂ ಎರಡೆರಡು ಸಲ ಉಪಕಾರ ಹೇಳುವಳು.

ಒಂದು ಸೋಮವಾರ ಡಾಕ್ಟರಮ್ಮನ ಬಿಳಿ ಕೋಟು ಬಂತು. ಜೇಬು ತಡವಿ ನೋಡಿ ನೀರಿಗೆ ಹಾಕಬೇಕಾದವಳು ಇವಳೇ. ತಡವಲಿಲ್ಲ. ಜೇಬಿನಲ್ಲಿದ್ದ ಕಬ್ಬಿಣದ ಕ್ಲಿಪ್ಪು ಇಡೀ ರಾತ್ರಿ ಒದ್ದೆ ಬಟ್ಟೆಯ ಜೊತೆ ಸಂಸಾರ ಮಾಡಿ, ಬೆಳಗಿನ ಹೊತ್ತಿಗೆ ಎದೆಯ ಭಾಗದಲ್ಲಿ ಹೆಬ್ಬೆರಳಗಲದ ತುಕ್ಕಿನ ಕಲೆ ಬಿಟ್ಟಿತ್ತು. ಎಲ್ಲರೂ ಅಂಗಡಿಯಕ್ಕ ಎಂದು ಕರೆಯುವ ಲಾಂಡ್ರಿಯ ಯಜಮಾನಿಗೆ ಹೇಳಲು ಧೈರ್ಯ ಬರಲಿಲ್ಲ. ಕೋಟನ್ನು ಬಕೆಟ್ಟಿನ ತಳಕ್ಕೆ ತುರುಕಿ, ಫೋನಿನಲ್ಲಿ ‘ಕಲೆ ಕಟ್ಟೆ’ಯನ್ನು ತೆರೆದಳು.

ಕಲೆ ಕಟ್ಟೆಯೆಂದರೆ ಬಟ್ಟೆ ಒಗೆಯುವವರು, ಬಣ್ಣ ಹಾಕುವವರು, ಮನೆಯಲ್ಲೇ ಸಾರು ಚೆಲ್ಲಿಕೊಂಡವರು ಎಲ್ಲರೂ ಸೇರುವ ಗುಂಪು. ಅಲ್ಲಿ ಯಾರೂ ಸ್ವಂತ ಹೆಸರಿನಲ್ಲಿ ಬರುವುದಿಲ್ಲ; ಇವಳು ಅಲ್ಲಿಯೂ ಮೋಡವೇ. ಒಂದು ಕಟ್ಟುನಿಟ್ಟಿನ ಪದ್ಧತಿಯೂ ಉಂಟು. ಪ್ರಶ್ನೆ ಕೇಳಿದವರು ಮರಳಿ ಬಂದು ಏನಾಯಿತೆಂದು ಹೇಳಬೇಕು, ಉಪಕಾರ ಸ್ಮರಿಸಬೇಕು, ಯಾವ ಸಲಹೆ ಫಲಿಸಿತೋ ಅದರ ಕೆಳಗೆ ಹಸಿರು ಗಂಟಿನ ಗುರುತು ಹಾಕಬೇಕು. ಒಂದು ಪ್ರಶ್ನೆಗೆ ಒಂದೇ ಗಂಟು. ಬಿಚ್ಚಬೇಕೆಂದರೆ ಕಾರಣವನ್ನು ಎಲ್ಲರಿಗೂ ಕಾಣುವಂತೆ ಅಲ್ಲಿಯೇ ಬರೆಯಬೇಕು.

ಅವಳು ಕೇಳಿದ ಕಾಲು ಗಂಟೆಯಲ್ಲಿ ‘ಗಂಜಿ ಮೇಷ್ಟ್ರು’ ಎಂಬುವರು ಉತ್ತರಿಸಿದರು. ಉತ್ತರವೇನು, ಪುರಾಣ. ತಾವು ನಲವತ್ತು ವರ್ಷ ಯಾವ ಯಾವ ಲಾಂಡ್ರಿಯಲ್ಲಿ ದುಡಿದದ್ದು, ಆಗಿನ ಬಾಯ್ಲರು ಹೇಗಿತ್ತು ಎಂಬುದೆಲ್ಲ ಆಗಿ, ಕೊನೆಗೆ, ‘ಬಿಳಿ ಬಟ್ಟೆ ತಾನೆ, ಬ್ಲೀಚ್ ನೀರಲ್ಲಿ ಅರ್ಧ ಗಂಟೆ ನೆನೆಹಾಕು ಮಗಳೇ, ಹೆದರಬೇಡ’ ಎಂದಿತ್ತು. ಅದರ ಕೆಳಗೆ ‘ಸೂಜಿ’ ಎಂಬ ಹೆಂಗಸು ಒಂದೇ ಸಾಲು ಬರೆದಿದ್ದಳು: ‘ತುಕ್ಕಿಗೆ ಬ್ಲೀಚ್ ಮುಟ್ಟಿಸಬೇಡ. ನಿಂಬೆರಸ, ಉಪ್ಪು, ಬಿಸಿಲು.’

ಹುಡುಗಿ ಮೇಷ್ಟ್ರ ಮಾತನ್ನೇ ಕೇಳುವವಳಿದ್ದಳು. ಆದರೆ ಬ್ಲೀಚ್ ಡಬ್ಬ ಅಂಗಡಿಯಕ್ಕನ ಬೀರುವಿನಲ್ಲಿತ್ತು, ಬೀಗದ ಕೈ ಅಂಗಡಿಯಕ್ಕನ ಸೊಂಟದಲ್ಲಿತ್ತು. ನಿಂಬೆಹಣ್ಣು ಎದುರಿನ ಅಂಗಡಿಯಲ್ಲಿತ್ತು. ಉಪ್ಪು ಬೆರೆಸಿ ಹಚ್ಚಿ, ಮಹಡಿಯ ಮೇಲೆ ಬಿಸಿಲಿಗೆ ಹಾಕಿದಳು. ಒಣಗಿದಂತೆಲ್ಲ ಮತ್ತೆ ಹಚ್ಚಿದಳು. ಮೂರನೆಯ ದಿನಕ್ಕೆ ಕಲೆ ಮಾಯ. ನಿಂಬೆಯ ವಾಸನೆ ಹಿಡಿದು ಮಹಡಿಗೆ ಬಂದ ಅಂಗಡಿಯಕ್ಕ ನಾಲ್ಕು ಮಾತು ಬೈದು, ಕೋಟು ಬೆಳ್ಳಗಿದ್ದುದನ್ನು ನೋಡಿ ಐದನೆಯದನ್ನು ನುಂಗಿಕೊಂಡಳು. ಅಲ್ಲಿಗೆ ಕೋಟಿನ ಕಥೆ ಮುಗಿಯಿತು. ಇವಳದು ಶುರುವಾಯಿತು.

ಆ ಮೂರು ದಿನವೂ ಮೇಷ್ಟ್ರು ಊಟದ ಹೊತ್ತಿಗೊಮ್ಮೆ, ಸಂಜೆಗೊಮ್ಮೆ ಕೇಳುತ್ತಿದ್ದರು: ‘ಏನಾಯ್ತು ಮಗಳೇ?’ ಸೂಜಿ ತಿರುಗಿಯೂ ನೋಡಿರಲಿಲ್ಲ. ಗಂಟು ಹಾಕುವ ಹೊತ್ತಿಗೆ ಹುಡುಗಿಯ ಬೆರಳು ಸೂಜಿಯ ಒಂದು ಸಾಲಿನ ಮೇಲೆ ಚೂರು ನಿಂತು, ಮೇಷ್ಟ್ರ ಮೂರು ಪುಟದ ಕೆಳಗೆ ಹೋಗಿ ಒತ್ತಿತು. ‘ಕಲೆ ಹೋಯಿತು. ನಿಮ್ಮ ಉಪಕಾರ ಮರೆಯುವುದಿಲ್ಲ’ ಎಂದು ಬರೆದಳು. ಎರಡೂ ವಾಕ್ಯ ನಿಜವೇ. ನಡುವೆ ಇರಬೇಕಾಗಿದ್ದ ಮೂರನೆಯದನ್ನು ಬಿಟ್ಟಿದ್ದಳು, ಅಷ್ಟೆ.

ಮಾರನೆಯ ದಿನ ಕಟ್ಟೆಯಲ್ಲೇ ಇವಳೊಬ್ಬಳಿಗೆ ಮೇಷ್ಟ್ರಿಂದ ಪತ್ರ. ‘ಹನ್ನೊಂದು ವರ್ಷದಿಂದ ಈ ಕಟ್ಟೆಯಲ್ಲಿ ಬರೀತಿದೀನಿ. ನನಗೆ ಗಂಟು ಹಾಕಿದವಳು ನೀನೇ ಮೊದಲು. ಸೊಸೆ ನನ್ನ ಫೋನು ಕಿತ್ತಿಡ್ತೀನಿ ಅಂತಿದ್ದಳು, ಯಾರಿಗೆ ಬೇಕು ನಿಮ್ಮ ಹಳೇ ಮಾತು ಅಂತ. ಈಗ ನೋಡು ಅಂತ ತೋರಿಸಿದೆ.’ ಅವಳು ಉಪಕಾರ ಹೇಳಿದಳು. ಉಪಕಾರ ಹೇಳಿದ್ದಕ್ಕೆ ಅವರು ಹರಸಿದರು. ಹರಸಿದ್ದಕ್ಕೆ ಅವಳು ಮತ್ತೆ ಉಪಕಾರ ಹೇಳಿದಳು. ಬಾಗಿಲಲ್ಲಿ ನಿಂತು ‘ಬರ್ತೀನಿ’, ‘ಹೋಗ್ಬಾ’ ಎನ್ನುತ್ತಲೇ ಅರ್ಧ ದಿನ ಕಳೆಯುವ ನೆಂಟರ ಹಾಗಾಯಿತು ಪರಿಸ್ಥಿತಿ. ಬೆಳಗ್ಗೆ ಏಳಕ್ಕೆ ಕುತ್ತಿಗೆ ನೋವಿಗೆ ಸಲಹೆ, ಹತ್ತಕ್ಕೆ ನೆಗಡಿಗೆ. ಅವಳಿಗೆ ನೆಗಡಿಯೇ ಇರಲಿಲ್ಲ.

“ಏನೇ ಮೋಡ, ಆ ಫೋನು ನಿನ್ನ ಸೊಂಟ ಕಚ್ತಾ ಇದೆಯಾ?” ಎಂದು ಕೇಳಿದ ಇಸ್ತ್ರಿ ಮಾಮ. ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಇಪ್ಪತ್ತು ವರ್ಷದಿಂದ ಆವಿಯ ಇಸ್ತ್ರಿಗೆ ಕಟ್ಟಿಹಾಕಿಕೊಂಡ ಮನುಷ್ಯ. “ಐದು ನಿಮಿಷಕ್ಕೊಂದು ಸಲ ಬೆಚ್ಚಿ ಬೀಳ್ತೀಯ. ಮದುವೆ ಗಂಡೋ, ಸಾಲದವನೋ?”

“ಉಪಕಾರ ಮಾಡಿದವರು ಮಾಮ.”

“ಅಯ್ಯೋ, ಹಾಗಾದ್ರೆ ಕಷ್ಟ ಕಣಮ್ಮ. ಮಿಕ್ಕವರಿಬ್ಬರನ್ನಾದ್ರೆ ಇಲ್ಲ ಅಂತ ಹೇಳಿ ಕಳಿಸಬಹುದಿತ್ತು.”

ಹಸಿರು ಗಂಟು ಬಿದ್ದ ಉತ್ತರ ಎಲ್ಲಕ್ಕಿಂತ ಮೇಲೆ ಹೋಗಿ ಕೂರುತ್ತದೆ. ಪಕ್ಕದಲ್ಲಿ ಓದಿದವರ ಸಂಖ್ಯೆ ಏರುತ್ತಿತ್ತು. ತೊಂಬತ್ತು, ಇನ್ನೂರು, ನಾನೂರ ಹನ್ನೆರಡು. ಒಂದು ಬುಧವಾರ ಯಾರೋ ಒಬ್ಬ ಬರೆದ: ‘ಮೇಷ್ಟ್ರು ಹೇಳಿದಂತೆಯೇ ಮಾಡಿದೆ. ಕಲೆ ಇನ್ನೂ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಯಿತು, ಷರ್ಟು ಹೋಯಿತು. ನನ್ನ ಕೈಯಲ್ಲೇ ಏನೋ ತಪ್ಪಾಗಿರಬೇಕು. ಮೇಷ್ಟ್ರಿಗೆ ಅನಂತ ಧನ್ಯವಾದ.’ ಓದಿ ಹುಡುಗಿಯ ಕೈಯಲ್ಲಿದ್ದ ಬ್ರಷ್ಷು ನೀರಿಗೆ ಬಿತ್ತು. ಷರ್ಟು ಕಳೆದುಕೊಂಡವನೂ ಧನ್ಯವಾದ ಹೇಳುತ್ತಿದ್ದಾನೆ.

ಗುರುವಾರ ಒಬ್ಬ ಹೆಂಗಸಿನ ಪತ್ರ ನೇರ ಇವಳಿಗೇ ಬಂತು. ‘ಅಮ್ಮ ತೀರಿಕೊಳ್ಳುವ ಮುಂಚೆ ಎರಡು ವರ್ಷ ಕೂತು ಕಸೂತಿ ಹಾಕಿದ ಬಿಳಿ ಹಾಸುಬಟ್ಟೆ. ಟ್ರಂಕಿನ ತುಕ್ಕು ಹತ್ತಿದೆ. ಬ್ಲೀಚ್ ತಂದಿಟ್ಟಿದ್ದೇನೆ, ಭಾನುವಾರ ಬೆಳಗ್ಗೆ ನೆನೆಹಾಕುತ್ತೇನೆ. ಮಾಡಿ ಫಲ ಕಂಡವರು ನೀವೊಬ್ಬರೇ. ಒಂದು ಬಕೆಟ್ ನೀರಿಗೆ ನೀವು ಎಷ್ಟು ಹಾಕಿದಿರಿ, ತಂಗಿ?’

ತಾನು ಮಾಡದೇ ಇದ್ದುದರ ಅಳತೆಯನ್ನು ಅವಳು ಹೇಗೆ ಹೇಳಿಯಾಳು? ಅಡಕತ್ತರಿಯಲ್ಲಿ ಸಿಕ್ಕಿಕೊಂಡ ಹಾಗೆ ಕೂತಳು. ಕೋಣೆಗೆ ಇದ್ದ ಒಂದೇ ಕಿಟಕಿ ಆವಿ ಹಿಡಿದು ಬೆಳ್ಳಗಾಗಿತ್ತು. ಕೊನೆಗೆ ಒಂದೇ ಉಸಿರಿನಲ್ಲಿ ಬರೆದಳು: ‘ಅಕ್ಕಾ, ಬಟ್ಟೆ ಮುಟ್ಟಬೇಡಿ. ಶನಿವಾರ ಸಂಜೆ ಅಂಗಡಿ ಮುಚ್ಚುವುದರೊಳಗೆ ನಡೆದದ್ದೆಲ್ಲ ಕಟ್ಟೆಯಲ್ಲೇ ಬರೆಯುತ್ತೇನೆ. ಮಾತು ಕೊಟ್ಟಿದ್ದೇನೆ.’

ಮಾತು ಕೊಟ್ಟಾಯಿತು. ಆದರೆ ಶುಕ್ರವಾರ ನಾಲ್ಕು ಸಲ ಬರೆಯಲು ಕೂತು ನಾಲ್ಕು ಸಲವೂ ಅಳಿಸಿದಳು. ‘ಮೇಷ್ಟ್ರು ಹೇಳಿದ್ದು ತಪ್ಪು’ ಎಂದು ಬರೆದ ತಕ್ಷಣ ಕಾಣದ ಆ ಸೊಸೆ ಕೈ ಚಾಚಿ ಫೋನು ಕಿತ್ತುಕೊಂಡಂತಾಗುತ್ತಿತ್ತು. ಬೆನ್ನ ಹಿಂದೆ ಬರೆಯುವ ಬದಲು ಮೇಷ್ಟ್ರಿಗೇ ಮೊದಲು ಹೇಳಿಬಿಡೋಣವೆಂದು ಶನಿವಾರ ಮಧ್ಯಾಹ್ನ ಬಟ್ಟೆಗಂಟುಗಳ ಹಿಂದೆ ಕೂತು ಕಟ್ಟೆಯಿಂದಲೇ ಕರೆ ಮಾಡಿದಳು.

“ಯಾರು, ಮೋಡಾನಾ?” ದನಿ ಅವಳು ಎಣಿಸಿದ್ದಕ್ಕಿಂತ ಸಣ್ಣದಿತ್ತು. “ನಿನ್ನ ಧ್ವನಿ ಕೇಳಿದ್ದು ಒಳ್ಳೇದಾಯ್ತು ನೋಡು. ಊಟ ಆಯ್ತಾ?”

“ಆಯ್ತು ಮೇಷ್ಟ್ರೇ. ಆ ಕೋಟಿನ ವಿಷಯ…”

“ಬೆಳ್ಳಗಿದೆ ತಾನೆ? ಇರಲೇಬೇಕು. ನಾಳೆ ನನ್ನ ಮಗಳು ಬರ್ತಾಳೆ. ಅವಳಿಗೂ ತೋರಿಸೋಣ ಅಂತಿದೀನಿ, ನಿನ್ನ ಗಂಟು.”

“ಮೇಷ್ಟ್ರೇ, ನಾನು ಬ್ಲೀಚ್ ಹಾಕಲೇ ಇಲ್ಲ.”

ಆ ಕಡೆ ಯಾರೋ ಪಾತ್ರೆ ಇಟ್ಟ ಸದ್ದು. “ಮತ್ತೆ?”

“ನಿಂಬೆರಸ, ಉಪ್ಪು. ಸೂಜಿಯವರು ಹೇಳಿದ್ದು. ಬ್ಲೀಚಿಗೆ ತುಕ್ಕು ಇನ್ನೂ ಗಟ್ಟಿಯಾಗುತ್ತಂತೆ. ಒಬ್ಬರ ಷರ್ಟು ಹೋಯ್ತು, ನೀವೂ ಓದಿರ್ತೀರಿ.”

“ಅವನ ಕೈ ಸರಿಯಿಲ್ಲ ಅಂದ್ಕೊಂಡೆ. ಹಾಗಾದ್ರೆ ನನಗ್ಯಾಕೆ ಹಾಕಿದೆ ಗಂಟು?”

“ನೀವು ದಿನಾ ಕೇಳ್ತಿದ್ರಿ. ಅಷ್ಟೊಂದು ಬರೆದಿದ್ರಿ.”

“ಮುದುಕನಿಗೆ ಮಿಠಾಯಿ ಕೊಟ್ಟೆ ಅನ್ನು.”

ಮೇಷ್ಟ್ರೇ ಮುಂದುವರಿಸಿದರು: “ನಾನು ಗಂಜಿ ಮನುಷ್ಯ, ಮಗಳೇ. ಕಾಲರು, ತೋಳಿನ ಪಟ್ಟಿ, ನಿಲ್ಲಿಸಿದ್ರೆ ನಿಲ್ಲಬೇಕು, ಹಾಗೆ ಹಾಕ್ತಿದ್ದೆ. ಕಲೆ ಮೇಜಿನ ಹತ್ತಿರ ನಾನು ಯಾವತ್ತೂ ನಿಂತವನಲ್ಲ. ಆದ್ರೆ ಆ ಕಟ್ಟೆಯಲ್ಲಿ ಗಂಜಿ ಬಗ್ಗೆ ಯಾರೂ ಏನೂ ಕೇಳೋದೇ ಇಲ್ಲ. ಎಲ್ಲರಿಗೂ ಕಲೇನೇ. ಅದಕ್ಕೆ…” ಮಾತು ಅಲ್ಲಿಗೆ ನಿಲ್ಲಿಸಿ, “ಸೋಮವಾರ ಬರೀತೀಯಾ? ಮಗಳು ಬಂದು ಹೋಗಲಿ” ಎಂದರು.

“ಒಬ್ಬರು ಅವರಮ್ಮನ ಕಸೂತಿ ಬಟ್ಟೆ ನಾಳೆ ಬೆಳಗ್ಗೆ ನೆನೆಹಾಕಬೇಕು ಅಂತಿದ್ರು ಮೇಷ್ಟ್ರೇ. ಇವತ್ತು ಸಂಜೆಯೊಳಗೆ ಬರೀತೀನಿ ಅಂತ ಮಾತು ಕೊಟ್ಟಿದೀನಿ.”

“ಅವರೊಬ್ಬರಿಗೆ ಗುಟ್ಟಾಗಿ ಹೇಳು.”

“ಓದಿದವರು ನಾನೂರು ಜನ. ಯಾರ ಮನೇಲಿ ಯಾವ ಬಟ್ಟೆ ಇದೆಯೋ, ನಾನು ಎಲ್ಲಿ ಹುಡುಕಲಿ?”

“ಅದೂ ಸರಿ,” ಎಂದರು. ಆಮೇಲೆ, “ಬರಿ ಅಂತ ನನ್ನ ಬಾಯಿಂದ ಬರಲ್ಲಮ್ಮ. ನಿನಗೆ ಬಿಟ್ಟಿದ್ದು.” ಇಡುತ್ತೇನೆಂದೂ ಹೇಳದೆ ಫೋನು ಇಟ್ಟರು. ಹರಸಲಿಲ್ಲ.

ಬಟ್ಟೆಗಂಟುಗಳ ಹಿಂದಿನಿಂದ ಅವಳು ಎದ್ದಾಗ ಇಸ್ತ್ರಿ ಮಾಮ ತನ್ನ ಕೆಲಸದಿಂದ ತಲೆ ಎತ್ತಲಿಲ್ಲ. “ಅತ್ಕೋಬೇಕು ಅಂದ್ರೆ ಆ ಕಡೆ ತಿರುಗಿ ಅತ್ಕೋ,” ಎಂದ. “ಇದು ರೇಷ್ಮೆ. ಹನಿ ಬಿದ್ರೆ ಗುರುತು ನಿಲ್ಲುತ್ತೆ.”

ಅವಳು ಅಳಲಿಲ್ಲ. ಮಧ್ಯಾಹ್ನದ ಉಳಿದ ಹೊತ್ತೆಲ್ಲ ಕಾಲರುಗಳನ್ನು ಉಜ್ಜಿದಳು. ಒಂದೊಂದು ಕಾಲರಿಗೂ ಒಂದೊಂದು ವಾಕ್ಯ ಮನಸ್ಸಿನಲ್ಲಿ ಹುಟ್ಟಿ ಹಾಳಾಯಿತು. ಮೇಷ್ಟ್ರ ಮರ್ಯಾದೆ ಉಳಿಸಿದರೆ ಬಟ್ಟೆ ಹೋಗುತ್ತದೆ, ಬಟ್ಟೆ ಉಳಿಸಿದರೆ ಮರ್ಯಾದೆ. ಎರಡಕ್ಕೂ ಹೊಂದುವ ಸುಳ್ಳೊಂದನ್ನು ಎಷ್ಟು ಹುಡುಕಿದರೂ ಸಿಗಲಿಲ್ಲ. ಅಂಗಡಿಯಕ್ಕ ಮುಂದಿನ ಬಾಗಿಲಿನ ಅರ್ಧ ಷಟರ್ ಎಳೆದು, “ಮೋಡಾ, ಇನ್ನು ಹತ್ತು ನಿಮಿಷ, ಆಮೇಲೆ ನಿನ್ನನ್ನ ಒಳಗೇ ಬಿಟ್ಟು ಬೀಗ ಹಾಕ್ತೀನಿ” ಎಂದಳು.

ಹುಡುಗಿ ಕೈ ಒರೆಸಿಕೊಂಡು ಮೇಜಿನ ಮೂಲೆಗೆ ಕೂತಳು. ಬರೆಯುತ್ತಿದ್ದಾಗಲೇ ಪರದೆಯ ಮೇಲೆ ಮೇಷ್ಟ್ರ ಹೆಸರಿನ ಪಕ್ಕ ಚುಕ್ಕೆ ಬೆಳಗಿತು. ಅವರು ಕಟ್ಟೆಗೆ ಬಂದು ಕೂತಿದ್ದರು. ಏನೂ ಬರೆಯುತ್ತಿರಲಿಲ್ಲ. ಆದರೂ ಅವಳ ಬೆರಳುಗಳು ನಿಲ್ಲಲಿಲ್ಲ.

‘ತುಕ್ಕಿನ ಕಲೆಯ ಬಗ್ಗೆ ಕೇಳಿದವಳು ನಾನು. ನನ್ನ ಕೋಟಿನ ಕಲೆ ಹೋದದ್ದು ನಿಂಬೆರಸ, ಉಪ್ಪು, ಮೂರು ದಿನದ ಬಿಸಿಲಿನಿಂದ. ಅದನ್ನು ಹೇಳಿದವರು ಸೂಜಿ. ಬ್ಲೀಚನ್ನು ನಾನು ಹಾಕಿಯೇ ಇರಲಿಲ್ಲ. ಹಾಕಿದವರೊಬ್ಬರ ಷರ್ಟು ಹಾಳಾಗಿದೆ, ಅವರ ಕೈಯಲ್ಲಿ ತಪ್ಪಿರಲಿಲ್ಲ, ತಪ್ಪು ನನ್ನದು. ದಯವಿಟ್ಟು ಯಾರೂ ತುಕ್ಕಿಗೆ ಬ್ಲೀಚ್ ಹಾಕಬೇಡಿ. ಗಂಜಿ ಮೇಷ್ಟ್ರು ನಾನು ಹೆದರಿದ್ದ ಮೂರು ದಿನವೂ ಏನಾಯಿತೆಂದು ಕೇಳುತ್ತಿದ್ದರು. ಅದಕ್ಕೆ ಉಪಕಾರ ಹೇಳಬೇಕಿತ್ತು, ಸಲಹೆಗೆ ಹೇಳಿಬಿಟ್ಟೆ. ಕಾಲರಿಗೆ ಗಂಜಿ ಹಾಕುವುದು ಹೇಗೆಂದು ನನಗೆ ಗೊತ್ತಿಲ್ಲ, ಅವರಿಗೆ ಗೊತ್ತಿದೆ.’

ಇನ್ನೊಮ್ಮೆ ಓದಲಿಲ್ಲ. ಓದಿದರೆ ಅಳಿಸುತ್ತೇನೆಂದು ಅವಳಿಗೆ ಗೊತ್ತಿತ್ತು. ಹಸಿರು ಗಂಟನ್ನು ಮೂರು ಪುಟದ ಕೆಳಗಿನಿಂದ ಬಿಚ್ಚಿದಳು, ಒಂದು ಸಾಲಿನ ಕೆಳಗೆ ಹಾಕಿದಳು, ಕಳಿಸುವ ಗುಂಡಿ ಒತ್ತಿದಳು. ಬರೆದದ್ದು ಕಟ್ಟೆಯಲ್ಲಿ ಎಲ್ಲರಿಗೂ ಕಾಣುವಂತೆ ಹೋಗಿ ಕೂತಿತು.