ಚೆಂಡುಹೂವಿನ ಜೀಪು

ಖಾಜಾ ಜೀಪಿನ ಮೂತಿಗೆ ಚೆಂಡುಹೂವಿನ ಮಾಲೆ ಬಿಗಿಯುತ್ತಿದ್ದ. ಬಸವಕಲ್ಯಾಣ–ಹುಮನಾಬಾದ ನಡುವೆ ಗುರುಲಿಂಗ ವರ್ಷಗಟ್ಟಲೆ ಓಡಿಸಿದ ಜೀಪು. ಇವತ್ತು ಅವನನ್ನೇ ಮಣ್ಣು ಮಾಡಲು ಹೊಲಕ್ಕೆ ಒಯ್ಯಬೇಕಿತ್ತು. ನಿನ್ನೆ ಎದೆ ಹಿಡಿದುಕೊಂಡಾಗಲೂ ಗಾಡಿಯನ್ನು ರಸ್ತೆ ಬದಿಗೆ ನಿಲ್ಲಿಸಿ, ಬ್ರೇಕ್ ಎಳೆದು, ಆಮೇಲೆ ವಾಲಿದ್ದ.

"ಪ್ಯಾಸೆಂಜರ್‌ಗೆ ಒಂದು ಗೀರೂ ಬಿದ್ದಿಲ್ಲರಿ," ಅವನ ಕೈಯಲ್ಲೇ ಗಾಡಿ ಕಲಿತ ಖಾಜಾ ಬಂದವರಿಗೆಲ್ಲ ಹೇಳುತ್ತಿದ್ದ. "ಸಾಯೋ ಹೊತ್ತಿನಾಗೂ ಉಸ್ತಾದ ಉಸ್ತಾದನೇ."

ಮೋರಖಂಡಿಯ ಮನೆಯ ಪಡಸಾಲೆಯಲ್ಲಿ ಗುರುಲಿಂಗನಿಗೆ ವಿಭೂತಿ ಹಚ್ಚಿ ಕೂರಿಸಿದ್ದರು. ಪಕ್ಕದಲ್ಲಿ ಹೆಂಡತಿ ದೀಪಾಲಿ ಅಳದೆ ಕೂತಿದ್ದಳು. ಹೆರಿಗೆಗೆಂದು ತವರಿಗೆ ಬಂದಿದ್ದ ನಾದಿನಿ ಮಹಾನಂದಾ ಒಳಕೋಣೆಯಿಂದ ಕರೆದಳು.

"ವೈನಿ, ಕೂಸು ಮೊಲಿ ಹಿಡಿಯಾಕತ್ತಿಲ್ಲ."

"ರಾತ್ರಿ ಮೈ ಸುಡತಿತ್ತು. ಮುಂಜಾನಿ ಜ್ವರದ ಔಷಧ ಹಾಕೀನಿ, ಈಗ ತಣ್ಣಗದ," ಎಂದರು ಘಾಟಬೋರಾಳದಿಂದ ಬಂದಿದ್ದ ಮಹಾನಂದಾಳ ಅತ್ತೆ ಜಗದೇವಿ. "ಅಳೋ ಮನ್ಯಾಗ ಕೂಸಿಗೂ ಬ್ಯಾಸರ ಆಗ್ಯದ. ಮಣ್ಣು ಮುಗೀಲಿ, ನೋಡೋಣು."

ದೀಪಾಲಿ ಎದ್ದು ಹೋಗಿ ಅಂಗಾಲು ತಟ್ಟಿದಳು. ಇನ್ನೂ ಹೆಸರಿಡದ ಕೂಸು. ಕಣ್ಣು ತೆರೆದು ಮುಚ್ಚಿತು. ಅಳಲಿಲ್ಲ.

*

ಕೆಲವು ವರ್ಷಗಳ ಹಿಂದಿನ ಮಾತು. ದೀಪಾಲಿಯ ಮಗಳು ನೀಲಾ ಹುಟ್ಟಿ ಆಗ ತಿಂಗಳೂ ತುಂಬಿರಲಿಲ್ಲ. ಅವಳ ಜ್ವರವೂ ಹೀಗೆಯೇ ಔಷಧಕ್ಕೆ ಇಳಿದಿತ್ತು.

"ಇಳಿದ್ರೂ ಇಷ್ಟು ಸಣ್ಣ ಕೂಸಿನ ಜ್ವರ ನಂಬಬಾರದು," ಎಂದಿದ್ದರು ಹುಮನಾಬಾದದ ಡಾಕ್ಟರು. "ಒಳಗ ನಂಜು ಇರಬಹುದು. ರಕ್ತ, ಉಚ್ಚಿ, ಬೆನ್ನಿನ ನೀರು ನೋಡಬೇಕು."

ಗುರುಲಿಂಗನ ತಾಯಿ ಪಾರ್ವತಿಬಾಯಿ ಆಸ್ಪತ್ರೆ ಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದರು. "ಬೆನ್ನಿಗಿ ಸೂಜಿ ಹಾಕಿದ್ರ ಕಾಲು ಹೋಗತಾವ. ಹೆಣ್ಣು ಕೂಸು, ಯಾರು ಮಾಡ್ಕೋತಾರ?"

"ಕಾಲು ಹೋದ್ರ ನಾ ಹೊತ್ಗೊಂಡು ತಿರಗತೀನಿ. ಬಾಗಿಲ ಬಿಡು ಅವ್ವಾ."

ನೀಲಾ ಮೊದಲ ಹೆಜ್ಜೆ ಇಡುವ ತನಕ ತಾಯಿ ಅವನೊಂದಿಗೆ ಮಾತಾಡಿರಲಿಲ್ಲ.

*

"ಕೂಸಿನ್ನ ಈಗಲೇ ದವಾಖಾನಿಗಿ ಒಯ್ಯಬೇಕು," ಎಂದಳು ದೀಪಾಲಿ.

"ಹೆಣ ಬಿಟ್ಟು?" ಜಗದೇವಿ ಬಾಯಿಗೆ ಸೆರಗು ಒತ್ತಿದರು. "ಅದೂ ಹೆಣಕ್ಕ ಸಿಂಗಾರ ಮಾಡಿದ ಗಾಡ್ಯಾಗ?"

ಎಲ್ಲರೂ ಪಾರ್ವತಿಬಾಯಿಯತ್ತ ನೋಡಿದರು. ಅವರು ಅಂಗಳದತ್ತ ನೋಡುತ್ತಿದ್ದರು. ನೀಲಾ ಉದುರಿದ ಹೂಗಳನ್ನು ಸಾಲಾಗಿಟ್ಟು, ಒಂಟಿಗಾಲಿನಲ್ಲಿ ಜಿಗಿದು ದಾಟುತ್ತಿದ್ದಳು.

ಮುದುಕಿ ಎದ್ದರು. ಮಗನ ಪಾದದ ಬಳಿ ಇಟ್ಟಿದ್ದ ಜೀಪಿನ ಕೀಲಿ ಎತ್ತಿಕೊಂಡರು.

"ನನ್ನ ಮಗ ಹೆಗಲ ಮ್ಯಾಲ ಹೋಗತಾನ. ಖಾಜಾ, ಜಲ್ದಿ ಬಿಡು ಗಾಡಿ."

ಮಹಾನಂದಾ ಕೂಸನ್ನು ಎತ್ತಿಕೊಂಡು ಜೀಪು ಹತ್ತಿದಳು. ಹೂ ಬಿಚ್ಚಲು ಯಾರಿಗೂ ಪುರುಸೊತ್ತಾಗಲಿಲ್ಲ.

*

ಹೊಲದಲ್ಲಿ ಗುರುಲಿಂಗನನ್ನು ಸಮಾಧಿಯ ಕುಣಿಯೊಳಗೆ ಕೂರಿಸಿ, ಜಂಗಮರು ಮಂತ್ರ ಹೇಳುತ್ತಿದ್ದಾಗ ದೀಪಾಲಿಯ ಫೋನು ಬಡಿದುಕೊಂಡಿತು.

"ಭಾಬಿ!" ಖಾಜಾನ ದನಿ ಕುಣಿಯ ಸುತ್ತಲಿದ್ದವರಿಗೆಲ್ಲ ಕೇಳಿಸಿತು. "ಹೆಣದ ಗಾಡಿ ಅಂತ ಲಾರಿಯವರೂ ಬಾಜೂಕ ಸರದು ಕೈ ಮುಗದ್ರು. ಹುಮನಾಬಾದ ಬಜಾರದಾಗ ಒಂದು ಕಡಿನೂ ನಿಂದರಲಿಲ್ಲ! ಟೈಮಿಗಿ ತಂದ್ರಿ ಅಂದ್ರು ಡಾಕ್ಟ್ರು. ಎಲ್ಲಾ ಟೆಸ್ಟಿಗಿ ತಗೊಂಡಾರ, ಇಂಜೆಕ್ಷನ್ ಚಾಲೂ ಮಾಡ್ಯಾರ. ಮೊದಲ ಸುಮ್ಮನಿತ್ತು, ಈಗ ಹ್ಯಾಂಗ ಒದರಾಕತ್ತದ ಅಂತೀರಿ! ತಡೀರಿ, ಕೇಳ್ರಿ."

ಪಾರ್ವತಿಬಾಯಿ ಸೊಸೆಯ ಕೈಯಿಂದ ಫೋನು ಇಸಿದುಕೊಂಡರು. ಮಣ್ಣಿನ ಅಂಚಿನಲ್ಲಿ ಮೊಣಕಾಲೂರಿ, ತೋಳು ಚಾಚಿದಷ್ಟೂ ಚಾಚಿ, ಅದನ್ನು ಮಗನ ಕಿವಿಯ ಹತ್ತಿರ ಹಿಡಿದರು.

ಜಂಗಮರು ಮಂತ್ರ ನಿಲ್ಲಿಸಿದರು. ಕುಣಿಯ ತುಂಬ ಕೂಸಿನ ಅಳು.